ಕಾಲಿಗೆ ಕೂತರೇ ರಕ್ಷೆ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಯಾವುದಾದರೂ ಟೀ ಅಂಗಡಿಯ ಪಕ್ಕ ನಿಂತು ಕೆಳಗೆ ನೋಡಿ. ಗೇಟಿನಿಂದ ಹೊರಬರುವವರ ಕಾಲಲ್ಲೆಲ್ಲ ಕಪ್ಪು ಸೇಫ್ಟಿ ಶೂ. ಆದರೆ ಎಷ್ಟೋ ಶೂಗಳ ಹಿಂಭಾಗ ಹಿಮ್ಮಡಿಯ ಕೆಳಗೆ ಮಡಚಿ ಅಪ್ಪಚ್ಚಿಯಾಗಿರುತ್ತದೆ. ಲೇಸು ಸಡಿಲ, ಕೆಲವಕ್ಕೆ ಲೇಸೇ ಇಲ್ಲ. ಬೆರಳಿನ ಮೇಲೆ ಉಕ್ಕಿನ ಕವಚ ಹೊತ್ತ ಶೂ ಹಿಂದಿನಿಂದ ಬರೀ ಚಪ್ಪಲಿ. ನಡೆದರೆ ಪಟಪಟ ಸದ್ದು.

ಇದು ಕೆಲಸಗಾರರ ಅಶಿಸ್ತು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಕಳೆದ ಆಷಾಢದಲ್ಲಿ ಅಕ್ಕನ ಮಗ ಫೋನ್ ಮಾಡಿದ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮಷಿನ್ ಶಾಪ್ ಒಂದರಲ್ಲಿ ಟ್ರೇನಿಯಾಗಿ ಸೇರಿ ಅವನಿಗೆ ಮೂರು ವಾರವಾಗಿತ್ತು.

"ಮಾವ, ಕಂಪನೀಲಿ ಕೊಟ್ಟ ಶೂ ಕಚ್ತಾ ಇದೆ. ಹಿಂದೆ ಮಡಚ್ಕೊಂಡು ಹಾಕ್ಕೊಂಡಿದ್ದಕ್ಕೆ ಸೂಪರ್‌ವೈಸರ್ ಬೈದ್ರು. ಏನ್ ಮಾಡ್ಲಿ?"

"ಯಾವ ಸೈಜು?"

"ಎಂಟು. ಮೊದ್ಲು ಏಳು ಹಾಕ್ಕೊಂಡೆ, ಅಗಲ ಸಾಲ್ಲಿಲ್ಲ. ಅದಕ್ಕೆ ಎಂಟು ಕೊಟ್ರು."

ಜಗುಲಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಅಪ್ಪ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಅವರು ಮೂವತ್ತೊಂದು ವರ್ಷ ಪ್ರೆಸ್ ಶಾಪಿನಲ್ಲಿ ನಿಂತು ದುಡಿದವರು. ಅವರ ಎರಡೂ ಪಾದಗಳ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ನಾನು ಹುಡುಗನಾಗಿದ್ದಾಗ ಪ್ರತಿ ಭಾನುವಾರ ಸ್ನಾನವಾದ ಮೇಲೆ ಅವರು ಹಿತ್ತಲಿನ ಕಲ್ಲಿನ ಮೇಲೆ ಕೂತು, ಮೆತ್ತಗಾದ ಆಣಿಯನ್ನು ಬ್ಲೇಡಿನಿಂದ ಪದರ ಪದರವಾಗಿ ಹೆರೆಯುತ್ತಿದ್ದರು. ಮರಕ್ಕೆ ಹೊಡೆಯುವ ಮೊಳೆಗೂ ಆಣಿ ಅನ್ನುತ್ತೇವೆ, ಕಾಲಲ್ಲಿ ಬೆಳೆಯುವ ಗಂಟಿಗೂ ಆಣಿ ಅನ್ನುತ್ತೇವೆ. ಕಾಲಲ್ಲಿ ಆಣಿ ಇಟ್ಟುಕೊಂಡು ಎಂಟು ಗಂಟೆ ನಿಂತವರಿಗೆ ಆ ಹೆಸರು ಯಾಕೆ ಬಂತೆಂದು ವಿವರಿಸಬೇಕಿಲ್ಲ. ಕಂಪನಿ ಕೊಟ್ಟ ಹೊಸ ಶೂವಿನ ಪಕ್ಕೆಯನ್ನು ಅಪ್ಪ ಹ್ಯಾಕ್ಸಾ ಬ್ಲೇಡಿನಿಂದ ಸೀಳಿಕೊಂಡು ಹಾಕಿಕೊಳ್ಳುತ್ತಿದ್ದದ್ದೂ ನನಗೆ ನೆನಪಿದೆ.

"ಅವನನ್ನ ಅಳತೆ ತಗೊಳ್ಳೋ ಅಂಗಡಿಗೆ ಕರ್ಕೊಂಡು ಹೋಗು" ಅಂದರು ಅಪ್ಪ. "ನಂಬರ್ ನೋಡಿ ಕೊಡೋ ಕಡೆ ಬೇಡ."

ಕಂದು ಕಾಗದದ ಮೇಲೆ ಒಂದು ಪಾದ

ಬೆಂಗಳೂರಿನ ಎಸ್.ಜೆ.ಪಿ. ರಸ್ತೆ ಹಾರ್ಡ್‌ವೇರ್ ಮತ್ತು ಯಂತ್ರೋಪಕರಣಗಳ ಸಂತೆ. ಅದರ ಒಂದು ಗಲ್ಲಿಯಲ್ಲಿ, ಕೆಲಸಗಾರರಿಗೆ ಬೇಕಾದದ್ದನ್ನಷ್ಟೇ ಮಾರುವ ಹಳೆಯ ಅಂಗಡಿ. ಬಾಗಿಲಲ್ಲಿ ಹಳದಿ ಹೆಲ್ಮೆಟ್ಟುಗಳ ಗೊಂಚಲು, ಒಳಗೆ ಕೈಗವಸಿನ ಕಟ್ಟುಗಳು, ಗೋಡೆಗೆ ಆನಿಸಿದ ಗಮ್‌ಬೂಟುಗಳ ಸಾಲು, ಅದರ ಹಿಂದೆ ಸೂರು ಮುಟ್ಟುವಷ್ಟು ಶೂ ಡಬ್ಬಗಳು. ನಾವು ಬೇಕೆಂದೇ ಸಂಜೆ ಹೋದೆವು. ದಿನವಿಡೀ ನಿಂತ ಪಾದ ಸಂಜೆಗೆ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾಗಿ ಹಿಡಿದ ಶೂ ಸಂಜೆ ಬಿಗಿಯುತ್ತದೆ. ನಿಂತು ದುಡಿಯುವವರು ಅಳತೆ ಕೊಡಬೇಕಾದದ್ದು ಕೆಲಸ ಮುಗಿದ ಮೇಲಿನ ಪಾದದಿಂದ, ಅದೂ ಕೆಲಸಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು.

ಅಂಗಡಿಯ ಯಜಮಾನರು ಸೈಜು ಕೇಳಲಿಲ್ಲ. "ಏನಪ್ಪಾ ಕೆಲಸ ನಿಂದು? ನೆಲ ಎಂಥದ್ದು? ಎಣ್ಣೆ ಚೆಲ್ಲಿರುತ್ತಾ? ನಿಂತೇ ಇರ್ತೀಯೋ, ಕೂತು ಏಳೋದು ಇರುತ್ತೋ?" ಎಂದು ಒಂದೊಂದಾಗಿ ವಿಚಾರಿಸಿದರು. ಆಮೇಲೆ ಕಂದು ಕಾಗದದ ಹಾಳೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಅವನನ್ನು ನಿಲ್ಲಿಸಿದರು. ಕೂತಾಗಿನ ಪಾದ ಬೇರೆ, ಮೈಭಾರ ಬಿದ್ದಾಗಿನ ಪಾದ ಬೇರೆ. ಭಾರ ಬಿದ್ದರೆ ಕಮಾನು ತಗ್ಗಿ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆದರು. ಎಡಪಾದ ಬಲಕ್ಕಿಂತ ಒಂದು ನೂಲು ದೊಡ್ಡದಿತ್ತು. "ಎಲ್ಲರಿಗೂ ಒಂದು ಕಾಲು ದೊಡ್ಡದೇ. ದೊಡ್ಡ ಕಾಲಿಗೆ ಶೂ ತಗೋಬೇಕು" ಅಂದರು.

ಆಮೇಲೆ ಅವರು ತೆಗೆದ ಅಳತೆ ನನಗೆ ಹೊಸದು. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಒಂದು ಅಳತೆ ಸರಿ. ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಉಬ್ಬಿಗೆ ಇನ್ನೊಂದು. ಪಾದ ಬಾಗುವುದು ಆ ಉಬ್ಬಿನ ಬಳಿ. ಶೂ ಕೂಡ ಅಲ್ಲೇ ಬಾಗಬೇಕು. ಎರಡೂ ಒಂದೇ ಕಡೆ ಬಾಗದಿದ್ದರೆ ಹೆಜ್ಜೆ ಹೆಜ್ಜೆಗೂ ಪಾದಕ್ಕೂ ಶೂವಿಗೂ ಜಗಳ. ಮೂರನೆಯದು ಅಗಲ. ಈ ಮೂರನ್ನೂ ಒಟ್ಟಿಗೆ ಅಳೆಯುವ ಲೋಹದ ಸಾಧನವನ್ನು ಅಮೆರಿಕದ ಸಿರಾಕ್ಯೂಸ್‌ನಲ್ಲಿ ಚಾರ್ಲ್ಸ್ ಬ್ರ್ಯಾನಕ್ ಎಂಬಾತ 1920ರ ದಶಕದಲ್ಲಿ ರೂಪಿಸಿದ. ಆತನ ತಂದೆಯದೂ ಶೂ ಅಂಗಡಿ. ನಮ್ಮ ಯಜಮಾನರ ಹತ್ತಿರ ಆ ಸಾಧನ ಇರಲಿಲ್ಲ, ಆದರೆ ಅದು ಕೇಳುವ ಮೂರು ಪ್ರಶ್ನೆಗಳನ್ನೂ ಅವರ ಪೆನ್ಸಿಲ್ಲು, ಟೇಪು ಕೇಳಿದವು.

ಉತ್ತರ ಕಾಗದದ ಮೇಲೆ ಬಂತು. ಹುಡುಗನ ಪಾದದ ಉದ್ದ ಏಳರದ್ದೇ. ಅಗಲ ಮಾತ್ರ ಆ ಡಬ್ಬದ ಏಳಕ್ಕೆ ಒಗ್ಗದ್ದು.

ಎಂಟು ಎಂಬ ಅಂಕಿ ಹೇಳದ ಮಾತು

ನಾವು ಬಳಸುವ ಸೈಜಿನ ಅಂಕಿ ಬ್ರಿಟಿಷರದು. ಅದರ ಮೂಲ ಒಂದು ಬಾರ್ಲಿ ಕಾಳಿನ ಉದ್ದ. ಇಂಚಿಗೆ ಮೂರು ಕಾಳು, ಸೈಜಿಗೆ ಒಂದು ಕಾಳು. ಏಳರಿಂದ ಎಂಟಕ್ಕೆ ಹೋದರೆ ಶೂ ಸುಮಾರು ಎಂಟೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅಂಕಿ ಹೇಳುವುದು ಉದ್ದವನ್ನಷ್ಟೇ. ಅಗಲದ ಮಾತು ನಮ್ಮಲ್ಲಿ ಸಿಗುವ ಬಹುತೇಕ ಡಬ್ಬಗಳ ಮೇಲೆ ಇರುವುದೇ ಇಲ್ಲ.

ತೊಂದರೆ ಹುಟ್ಟುವುದು ಇಲ್ಲಿಂದ. ಅಗಲ ಪಾದದವನಿಗೆ ಏಳು ಬಿಗಿಯುತ್ತದೆ, ಎಂಟು ಕೊಡುತ್ತಾರೆ. ಅಗಲ ತುಸು ಸಿಕ್ಕಿತು, ಆದರೆ ಬೇಡದ ಉದ್ದವೂ ಬಂತು. ಈಗ ಶೂ ಬಾಗುವ ಜಾಗ ಪಾದ ಬಾಗುವ ಜಾಗಕ್ಕಿಂತ ಮುಂದಿದೆ. ಉಕ್ಕಿನ ಕವಚದ ಹಿಂದಿನ ಅಂಚು ಬೇಡದ ಕಡೆ ಒತ್ತುತ್ತದೆ. ಹಿಮ್ಮಡಿಗೆ ಹಿಡಿತವಿಲ್ಲದೆ ಅದು ಮೇಲೆ ಕೆಳಗೆ ಜಾರಿ ಉಜ್ಜಿ ಬೊಬ್ಬೆ ಏಳುತ್ತದೆ. ಬೊಬ್ಬೆ ಒಡೆದ ದಿನ ಆತ ಶೂವಿನ ಹಿಂಭಾಗವನ್ನು ಮಡಚುತ್ತಾನೆ. ಪೀಣ್ಯದ ಟೀ ಅಂಗಡಿಯ ಮುಂದೆ ನಾನು ಅಶಿಸ್ತು ಅಂದುಕೊಂಡದ್ದು ಇಂಥ ಬೊಬ್ಬೆಗಳನ್ನು. ಮಡಚಿದ ಶೂ ಮೆಟ್ಟಿಲಿನಲ್ಲಿ ಜಾರುತ್ತದೆ, ಎಣ್ಣೆ ನೆಲದಲ್ಲಿ ಕಳಚಿಕೊಳ್ಳುತ್ತದೆ. ರಕ್ಷಣೆಗೆಂದು ಕೊಟ್ಟದ್ದೇ ಬೀಳಿಸುವ ವಸ್ತುವಾಗುತ್ತದೆ.

ನಮ್ಮವರ ಪಾದ ಅಗಲ ಎಂಬುದು ಊಹೆಯ ಮಾತಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021–22ರಲ್ಲಿ ದೇಶದ ಬೇರೆ ಬೇರೆ ಭಾಗಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರದಕ್ಕಿಂತ ಅಗಲವೆಂದು ಆ ಸಮೀಕ್ಷೆಯಲ್ಲಿ ಕಂಡುಬಂತು. ಅದರ ಆಧಾರದ ಮೇಲೆ ನಮ್ಮದೇ ಅಳತೆಯ ಪದ್ಧತಿಯೊಂದನ್ನು ಪ್ರಸ್ತಾಪಿಸಿ ಅದಕ್ಕೆ 'ಭಾ' ಎಂದು ಹೆಸರಿಟ್ಟರು, ಭಾರತದ ಭಾ. ಇನ್ನೊಬ್ಬರ ಕಾಲಿಗೆ ಕಡೆದ ಅಚ್ಚಿನಲ್ಲಿ ನಮ್ಮ ಕಾಲನ್ನು ತುರುಕುವುದು ತಪ್ಪಬೇಕಾದರೆ ಮೊದಲು ಆಗಬೇಕಾಗಿದ್ದ ಕೆಲಸ ಅದು.

ಪಾದಕ್ಕೆ ಶೂ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಕರಾವಳಿಯಿಂದಲೇ ಬಂದ ಅಧ್ಯಯನವೊಂದಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು ಪರೀಕ್ಷಿಸಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6ರಷ್ಟಿದ್ದರೆ, ಬರಿಗಾಲಲ್ಲಿ ಬೆಳೆದವರಲ್ಲಿ ಶೇ 2.8. ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಅದು ಇನ್ನೂ ಹೆಚ್ಚು. ಮೂಳೆ ಬಲಿತ ವಯಸ್ಕರ ಪಾದ ಮಕ್ಕಳದ್ದರಂತೆ ಬೇಗ ಬದಲಾಗದೆ ಇರಬಹುದು. ಆದರೆ ಮೂವತ್ತು ವರ್ಷದ ಒತ್ತಡಕ್ಕೆ ಬೆರಳು ಹೇಗೆ ಬಾಗುತ್ತದೆಂಬುದನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಒಂದು ಪಾದದಲ್ಲಿ 26 ಮೂಳೆಗಳಿವೆ. ಇಷ್ಟು ಸಣ್ಣ ಕೀಲುಗಳ ಜೋಡಣೆಯನ್ನು ಇಕ್ಕಟ್ಟಾದ ಡಬ್ಬದಲ್ಲಿ ತುಂಬಿದರೆ ಅದು ಡಬ್ಬದ ಆಕಾರಕ್ಕೇ ಬರುತ್ತದೆ.

ಕುಕ್ಕರಗಾಲಲ್ಲಿ ಕೂತು ನೋಡು

ಯಜಮಾನರು ಮುಂದೆ ಅಗಲವಿದ್ದ ಬೇರೆ ಅಚ್ಚಿನ ಏಳು ನಂಬರಿನ ಜೋಡಿ ತೆಗೆದರು. ಮಾಮೂಲಿ ಶೂ ಆದರೆ ಮೂತಿಯನ್ನು ಹೆಬ್ಬೆಟ್ಟಿನಿಂದ ಒತ್ತಿ ಬೆರಳು ಎಲ್ಲಿದೆಯೆಂದು ನೋಡುತ್ತೇವೆ. ಉಕ್ಕಿನ ಕವಚದ ಮೇಲೆ ಆ ಉಪಾಯ ನಡೆಯುವುದಿಲ್ಲ. ಅವರು ಕಲಿಸಿದ ದಾರಿ ಹೀಗೆ: ಲೇಸು ಕಟ್ಟದೆ ಪಾದವನ್ನು ಬೆರಳು ಮುಟ್ಟುವ ತನಕ ಮುಂದಕ್ಕೆ ತಳ್ಳಬೇಕು. ಆಗ ಹಿಮ್ಮಡಿಯ ಹಿಂದೆ ಒಂದು ಬೆರಳು ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಗಿಡ್ಡ, ಎರಡು ಬೆರಳು ಇಳಿದರೆ ಉದ್ದ. ಆಮೇಲೆ ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಕೆಳಗಿನಿಂದ ಮೇಲಕ್ಕೆ ಲೇಸು ಬಿಗಿದು ಓಡಾಡಬೇಕು. ಬೆರಳುಗಳು ಒಳಗೆ ಅಲ್ಲಾಡಬೇಕು, ಹಿಮ್ಮಡಿ ಅಲ್ಲಾಡಬಾರದು.

ಅಂಗಡಿಯ ಬಾಗಿಲಿಗೆ ಇಳಿಜಾರಿನ ಕಲ್ಲುಚಪ್ಪಡಿ ಇತ್ತು. "ಇಳಿದು ಹತ್ತು" ಅಂದರು. ಇಳಿಯುವಾಗ ಬೆರಳು ಕವಚಕ್ಕೆ ಬಡಿದರೆ ಆ ಶೂ ಬೇಡ. ಕೊನೆಯಲ್ಲಿ, "ಈಗ ಕುಕ್ಕರಗಾಲಲ್ಲಿ ಕೂತು ನೋಡು" ಅಂದರು. ಹುಡುಗ ಕೂತ. ಈ ಪರೀಕ್ಷೆಯನ್ನು ನಾನು ಯಾವ ಶೂ ಅಂಗಡಿಯಲ್ಲೂ ಕಂಡಿರಲಿಲ್ಲ, ಆದರೆ ನಮ್ಮ ಕೆಲಸದ ರೀತಿಗೆ ಇದಕ್ಕಿಂತ ಮುಖ್ಯವಾದದ್ದಿಲ್ಲ. ವೆಲ್ಡಿಂಗ್ ಮಾಡುವವರು, ಟೈಲ್ಸ್ ಹಾಕುವವರು, ಕಂಬಿ ಕಟ್ಟುವವರು, ಯಂತ್ರದ ಬುಡ ಬಿಚ್ಚುವ ಫಿಟ್ಟರುಗಳು, ಇವರೆಲ್ಲ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಆ ಭಂಗಿಯಲ್ಲಿ ಶೂ ಪೂರ್ತಿ ಬಾಗುತ್ತದೆ. ಕವಚದ ಅಂಚು ಬೆರಳಿನ ಬುಡಕ್ಕೆ ಕತ್ತಿಯಂತೆ ಒತ್ತುವುದು ಆಗಲೇ. ನಿಂತೇ ಶೂ ನೋಡಿ ತಂದವರಿಗೆ ಅದು ಗೊತ್ತಾಗುವುದು ಕೆಲಸದ ಜಾಗದಲ್ಲಿ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ದುಡ್ಡಿನ ಲೆಕ್ಕಕ್ಕೆ ಸರಿ" ಎಂದರು ಯಜಮಾನರು. "ಶೂ ವಿಷ್ಯದಲ್ಲಿ ಕಾಲು ಎಷ್ಟಿದೆಯೋ ಹಾಸಿಗೆ ಅಷ್ಟಿರ್ಬೇಕು."

ಒಳಗೆ ಏನಿದೆ

ಅಳತೆ ಮುಗಿದ ಮೇಲೆ ಶೂವಿನ ಸತ್ವದ ಮಾತು ಬಂತು. ಅವರು ಹಳೆಯದೊಂದು ಶೂವನ್ನು ಉದ್ದಕ್ಕೆ ಕೊಯ್ದು ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟಿದ್ದರು.

ಮುಂದಿನ ಕವಚ ಉಕ್ಕಿನದು ಅಥವಾ ಗಟ್ಟಿ ಪ್ಲಾಸ್ಟಿಕ್, ಫೈಬರ್‌ನಿಂದ ಮಾಡಿದ ಕಾಂಪೊಸಿಟ್. ಭಾರತೀಯ ಮಾನಕ ಐ.ಎಸ್. 15298ರ ಎರಡನೇ ಭಾಗ ಸೇಫ್ಟಿ ಶೂವಿಗೆ ಸಂಬಂಧಿಸಿದ್ದು. ಅದರಂತೆ ಕವಚ 200 ಜೂಲ್ ಹೊಡೆತ ತಡೆಯಬೇಕು. ಇಪ್ಪತ್ತು ಕಿಲೋ ತೂಕದ ವಸ್ತು ಸುಮಾರು ಒಂದು ಮೀಟರ್ ಎತ್ತರದಿಂದ ಬೆರಳ ಮೇಲೆ ಬಿದ್ದಷ್ಟು. ಜೊತೆಗೆ 15 ಕಿಲೋನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ಭಾರ ಅದುಮಿದರೂ ಬೆರಳಿಗೆ ಒಳಗೆ ಜಾಗ ಉಳಿಯಬೇಕು. ಪೆಟ್ಟು ತಿಂದ ಕವಚ ಹೊರಗಿನಿಂದ ಸರಿ ಕಂಡರೂ ಅದರ ಆಯುಸ್ಸು ಮುಗಿದಂತೆ. ಆ ಶೂವನ್ನು ಮತ್ತೆ ಹಾಕಬಾರದು.

ಒಳಗೆ ಅಚ್ಚಾದ ಅಕ್ಷರಗಳಿಗೂ ಅರ್ಥವಿದೆ. ಎಸ್1 ಎಂದರೆ ಹಿಮ್ಮಡಿ ಮುಚ್ಚಿದ್ದು, ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಹರಿಸುವಂಥದ್ದು, ಹಿಮ್ಮಡಿಯಲ್ಲಿ ಪೆಟ್ಟು ಹೀರುವ ಮೆತ್ತೆ ಇರುವಂಥದ್ದು. ಅದಕ್ಕೆ ನೀರು ತಡೆಯುವ ಗುಣ ಸೇರಿದರೆ ಎಸ್2. ಅಡಿಯಲ್ಲಿ ಮೊಳೆ ನುಗ್ಗದ ತಗಡೂ, ಮಣ್ಣು ಹಿಡಿಯುವ ಹಲ್ಲಿನ ಸೋಲೂ ಸೇರಿದರೆ ಎಸ್3. ಕಟ್ಟಡದ ಕೆಲಸಕ್ಕೆ ಮೊಳೆ ತಡೆಯುವ ತಗಡು ಇಲ್ಲದ ಶೂ ಬೇಡವೇ ಬೇಡ. ಸೆಂಟ್ರಿಂಗ್ ಬಿಚ್ಚಿದ ಹಲಗೆಗಳಲ್ಲಿ ಮೊಳೆಗಳು ಮೇಲ್ಮುಖವಾಗಿಯೇ ಬಿದ್ದಿರುತ್ತವೆ.

ಎಲ್ಲರೂ ತಪ್ಪುವ ಜಾಗ ಒಂದಿದೆ. ಸ್ಥಿರ ವಿದ್ಯುತ್ ತಡೆಯುವ ಆ್ಯಂಟಿಸ್ಟ್ಯಾಟಿಕ್ ಶೂವನ್ನು ಹಲವರು ಶಾಕ್ ತಡೆಯುವ ಶೂ ಅಂದುಕೊಳ್ಳುತ್ತಾರೆ. ಅದು ವಿದ್ಯುತ್ತನ್ನು ನಿಧಾನವಾಗಿ ನೆಲಕ್ಕೆ ಬಿಡಲೆಂದೇ ಮಾಡಿದ್ದು. ಎಲೆಕ್ಟ್ರಿಷಿಯನ್‌ಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧವಾದ, ವಿದ್ಯುತ್ತನ್ನು ಹರಿಯಗೊಡದ ಶೂ. ಕವಚ ಉಕ್ಕಿನದಲ್ಲ, ಕಾಂಪೊಸಿಟ್ ಎಂದಮಾತ್ರಕ್ಕೆ ಶೂ ಶಾಕ್ ತಡೆಯುವುದಿಲ್ಲ. ಇಲ್ಲಿ ಅಂದಾಜಿಗೆ ಕೊಂಡರೆ ಜೀವಕ್ಕೇ ಅಪಾಯ.

ಮೇಲಿನ ಚರ್ಮ ನಮ್ಮಲ್ಲಿ ಹೆಚ್ಚಾಗಿ ಎಮ್ಮೆಯದು. ಮೇಲ್ಮೈ ಉಜ್ಜಿ, ಗೀರು ಮರೆಯಾಗುವಂತೆ ತರಿತರಿ ಅಚ್ಚು ಹೊಡೆದ 'ಬಾರ್ಟನ್ ಪ್ರಿಂಟ್' ಚರ್ಮ ಅಗ್ಗದ ಶೂಗಳಲ್ಲೂ ದುಬಾರಿ ಶೂಗಳಲ್ಲೂ ಇರುತ್ತದೆ. ವ್ಯತ್ಯಾಸ ದಪ್ಪದಲ್ಲಿ. ಬಾಗುವ ಜಾಗವನ್ನು ಮಡಚಿದಾಗ ಮೇಲಿನ ಬಣ್ಣದ ಪದರ ಬಿರಿದರೆ ಅದು ಬಾಳಿಕೆಯ ಚರ್ಮವಲ್ಲ.

ಸೋಲ್ ಬೇಕಾದದ್ದು ನೆಲಕ್ಕೆ ತಕ್ಕಂತೆ. ಒಳಗೆ ಮೆತ್ತಗೆ ಹೊರಗೆ ಗಟ್ಟಿಯಾದ ಎರಡು ಪದರದ ಪಿ.ಯು. (ಪಾಲಿಯುರೆಥೇನ್) ಸೋಲಿಗೆ ಅಂಗಡಿಗಳಲ್ಲಿ 'ಡಬಲ್ ಡೆನ್ಸಿಟಿ' ಅನ್ನುತ್ತಾರೆ; ಹಗುರ, ಇಡೀ ದಿನ ನಿಲ್ಲುವವರಿಗೆ ಹಿತ. ಬಿಸಿ ಲೋಹ, ಕಾದ ನೆಲದ ಫೌಂಡ್ರಿಗೆ ಅದು ಸಲ್ಲ. ಅಲ್ಲಿಗೆ ನೈಟ್ರೈಲ್ ರಬ್ಬರಿನ ಸೋಲೇ ಬೇಕು. ಕರಗಿದ ಲೋಹ ಸಿಡಿದರೆ ಕ್ಷಣದಲ್ಲಿ ಒದ್ದು ಕಳಚಬಲ್ಲ, ಲೇಸಿಲ್ಲದ ಬೂಟು ಬೇಕು. ವೆಲ್ಡರ್ ಪ್ಯಾಂಟನ್ನು ಬೂಟಿನೊಳಗೆ ತುರುಕಬಾರದು, ಮೇಲೆ ಇಳಿಬಿಡಬೇಕು. ಇಲ್ಲದಿದ್ದರೆ ಕಿಡಿ ನೇರ ಕಣಕಾಲಿಗೆ ಇಳಿಯುತ್ತದೆ. ಮಲೆನಾಡಿನ ತೋಟದಲ್ಲಿ ಮಳೆಗಾಲಕ್ಕೆ ಗಮ್‌ಬೂಟು ಬೇಕು. ಅಲ್ಲಿ ಅದು ಕೆಸರಿಗೂ ಇಂಬಳಕ್ಕೂ ಅಡ್ಡ, ಹಾವಿಗೂ ಅಡ್ಡ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು 2024ರಲ್ಲಿ ನಮ್ಮ ರಾಜ್ಯ ಘೋಷಿಸಿತು. ಆ ಕಡಿತಗಳಲ್ಲಿ ಬಹುಪಾಲು ಬೀಳುವುದು ಕಾಲಿನ ಮೇಲೆ.

ಡಬ್ಬದಲ್ಲಿ ಇಲ್ಲದ ಕಾಲುಗಳು

ನಾವು ಅಂಗಡಿಯಲ್ಲಿದ್ದಾಗ ಒಬ್ಬ ಹೆಣ್ಣುಮಗಳು ಬಂದು ನಾಲ್ಕು ನಂಬರಿನ ಸೇಫ್ಟಿ ಶೂ ಕೇಳಿದಳು. "ಐದರಿಂದ ಮೇಲೆ ಇದೆ ಕಣಮ್ಮ. ನಾಲ್ಕು ತರಿಸಿಕೊಡ್ಬೇಕು, ವಾರ ಆಗುತ್ತೆ" ಅಂದರು ಯಜಮಾನರು. ಅವಳು ಮುಂಗಡ ಕೊಟ್ಟು ಹೋದಳು. ಗಂಡಸರ ಅಚ್ಚಿನಲ್ಲಿ ಸಣ್ಣ ನಂಬರು ಮಾಡಿದರೂ ಅದು ಹೆಣ್ಣಿನ ಕಾಲಿಗೆ ಹೊಂದುವುದಿಲ್ಲ. ಸಾಮಾನ್ಯವಾಗಿ ಹೆಂಗಸರ ಪಾದದ ಮುಂಭಾಗಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು. ಮುಂದೆ ಸರಿಹೋದ ಶೂ ಹಿಂದೆ ಜಾರುತ್ತದೆ.

ನಮ್ಮ ಬೀದಿ ಗುಡಿಸುವ ಅಕ್ಕ ತಮಗೆ ಕೊಟ್ಟ ಗಮ್‌ಬೂಟಿನ ಮೂತಿಗೆ ಬಟ್ಟೆ ತುರುಕಿಕೊಂಡು ಹಾಕಿಕೊಳ್ಳುತ್ತಿದ್ದರು. ಮಳೆಯಲ್ಲಿ ಆ ಬಟ್ಟೆ ನೆನೆದು ಬೆರಳ ಸಂದಿಯ ಚರ್ಮ ಬಿಳಿಚಿ ಸುಲಿಯಿತು. ಆಮೇಲೆ ಅವರು ಬೂಟನ್ನು ಗಾಡಿಯಲ್ಲಿ ನೇತುಹಾಕಿ ಚಪ್ಪಲಿಯಲ್ಲೇ ಕಸ ಎತ್ತಿದರು. ಬೂಟು ಕೊಟ್ಟ ಲೆಕ್ಕ ಕಡತದಲ್ಲಿದೆ. ಬೂಟು ಕಾಲಲ್ಲಿರಲಿಲ್ಲ.

ಇನ್ನೊಂದು ಗುಂಪಿನವರಿಗೆ ಶೂ ಕಚ್ಚಿದ್ದೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂದವಾಗುತ್ತವೆ. ಒಳಗೆ ಸಿಕ್ಕಿದ ಕಲ್ಲು, ಮೇಲೆದ್ದ ಹೊಲಿಗೆ, ಚುಚ್ಚಿದ ಮೊಳೆ ಯಾವುದರ ನೋವೂ ಮೆದುಳಿಗೆ ಮುಟ್ಟುವುದಿಲ್ಲ. ಸಣ್ಣ ಉಜ್ಜುಗಾಯ ವ್ರಣವಾಗಿ ಬೆರಳು ಕಳೆದುಕೊಂಡವರಿದ್ದಾರೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ವೈದ್ಯ ಪಾಲ್ ಬ್ರ್ಯಾಂಡ್ ಜಗತ್ತಿಗೆ ತಿಳಿಸಿಕೊಟ್ಟದ್ದು ಇದನ್ನೇ: ಅಂಗ ಹಾಳಾಗುವುದು ಹೆಚ್ಚಾಗಿ ನೋವು ಗೊತ್ತಾಗದೆ ಆಗುವ ಗಾಯದಿಂದ. ಸಕ್ಕರೆ ಕಾಯಿಲೆ ಇರುವ ಕೆಲಸಗಾರರು ಹಿತ ಅನಿಸಿತೆಂದು ಶೂ ಒಪ್ಪಬಾರದು, ಅಳತೆಯಿಂದ ಒಪ್ಪಬೇಕು. ಹಾಕುವ ಮುನ್ನ ಕೈಯಾಡಿಸಿ ಒಳಗೆ ನೋಡಬೇಕು. ಬಿಚ್ಚಿದ ಮೇಲೆ ಪಾದವನ್ನು ತಿರುಗಿಸಿ ನೋಡಬೇಕು.

ಬಾಳಿಕೆಯ ಲೆಕ್ಕ

ನಾವು ಆರಿಸಿದ ಜೋಡಿಗೆ 2,100 ರೂಪಾಯಿ. ಪಕ್ಕದಲ್ಲೇ 700ರದ್ದೂ ಇತ್ತು. ಹುಡುಗನ ಮುಖ ನೋಡಿ ಯಜಮಾನರು ಪೆನ್ಸಿಲ್ ಎತ್ತಿಕೊಂಡರು. "ಎಣ್ಣೆ ನೆಲದಲ್ಲಿ ಅದು ಐದು ತಿಂಗಳು ಬಂದ್ರೆ ಹೆಚ್ಚು. ತಿಂಗಳಿಗೆ 140. ಇದು ಒಂದೂವರೆ ವರ್ಷ ಬಂದ್ರೆ ತಿಂಗಳಿಗೆ 117 ಕೂಡ ಬೀಳಲ್ಲ. ನಿನ್ನ ಮಂಡಿ, ಸೊಂಟದ ಲೆಕ್ಕ ನಾನು ಹಾಕಿಲ್ಲ." ಒಟ್ಟಿಗೆ ಎರಡು ಸಾವಿರ ಎತ್ತಿಡಲಾಗದವರಿಗೆ ಅಗ್ಗದ ಶೂ ದುಬಾರಿಯಾಗಿ ಬೀಳುತ್ತದೆ ಎಂಬುದು ಆ ಪೆನ್ಸಿಲಿನ ಎರಡು ಸಾಲಿನಲ್ಲಿ ಕಣ್ಣಿಗೆ ಕಟ್ಟಿತು. ಅದಕ್ಕೇ ಕಾನೂನಿನ ಮಾತು ಮುಖ್ಯ. ಅದಕ್ಕೆ ಬರುತ್ತೇನೆ.

ಹಣ ಕೊಡುವ ಮುನ್ನ ಅವರು ಶೂವಿನ ಮೇಲೆ ಅಚ್ಚಾದ ತಿಂಗಳು, ವರ್ಷ ತೋರಿಸಿದರು. ಪಿ.ಯು. ಸೋಲ್ ಡಬ್ಬದಲ್ಲಿ ಇಟ್ಟರೂ ಮುಪ್ಪಾಗುತ್ತದೆ. ಗಾಳಿಯ ತೇವ ಅದರ ಒಳಗಿನ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತಾ ಹೋಗುತ್ತದೆ. ಕರಾವಳಿಯಂಥ ತೇವದ ಊರಿನಲ್ಲಿ ಇನ್ನೂ ಬೇಗ. ಗಿರಾಕಿಯೊಬ್ಬರು ಒಳ್ಳೆಯ ಶೂ ಸವೆದೀತೆಂದು ನಾಲ್ಕು ವರ್ಷ ಬೀರುವಿನಲ್ಲಿಟ್ಟಿದ್ದರು; ಹಾಕಿಕೊಂಡ ಮೊದಲ ದಿನವೇ ಸೋಲ್ ಹುಡಿಹುಡಿಯಾಗಿ ಉದುರಿತಂತೆ. ಹಳೆಯ ದಾಸ್ತಾನನ್ನು ರಿಯಾಯಿತಿಗೆ ಕೊಡುತ್ತೇವೆಂದರೆ ಮೊದಲು ಆ ತಾರೀಖು ನೋಡಬೇಕು.

ಅಚ್ಚಿನಲ್ಲಿ ನೇರವಾಗಿ ಎರೆದ ಪಿ.ಯು. ಸೋಲ್ ಸವೆದರೆ ಮೋಚಿಯ ಕೈಯಲ್ಲೂ ಉಪಾಯವಿಲ್ಲ. ಸೋಲ್ ಬದಲಿಸಿ ವರ್ಷಗಟ್ಟಲೆ ಬಳಸಬೇಕೆನ್ನುವವರು ಗುಡ್‌ಇಯರ್ ವೆಲ್ಟ್ ಹೊಲಿಗೆಯ ಬೂಟು ನೋಡುತ್ತಾರೆ. ರಬ್ಬರನ್ನು ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗ 19ನೇ ಶತಮಾನದಲ್ಲಿ ಯಂತ್ರಕ್ಕೆ ತಂದ ಹೊಲಿಗೆ ಅದು. ಮೇಲಿನ ಚರ್ಮಕ್ಕೂ ಸೋಲಿಗೂ ನಡುವೆ ಚರ್ಮದ ಪಟ್ಟಿಯೊಂದನ್ನು ಹೊಲಿದಿರುವುದರಿಂದ, ಮೇಲ್ಭಾಗಕ್ಕೆ ಏಟಾಗದಂತೆ ಸೋಲ್ ಬಿಚ್ಚಿ ಹೊಸದು ಹೊಲಿಯಬಹುದು. ಬೆಲೆ ಹೆಚ್ಚು, ತೂಕವೂ ಹೆಚ್ಚು.

ಆರೈಕೆ ಸುಲಭ. ನೆನೆದ ಶೂವನ್ನು ಬಿಸಿಲಿಗೆ, ಬಾಯ್ಲರಿನ ಪಕ್ಕಕ್ಕೆ ಇಡಬಾರದು. ಚರ್ಮ ಸೆಟೆದು ಬಿರಿಯುತ್ತದೆ. ಒಳಗೆ ಹಳೆಯ ಪೇಪರ್ ತುಂಬಿ ನೆರಳಲ್ಲಿ ಒಣಗಿಸಬೇಕು. ಎರಡು ಜೋಡಿ ಇದ್ದವರು ದಿನ ಬಿಟ್ಟು ದಿನ ಹಾಕಿದರೆ ಬೆವರು ಪೂರ್ತಿ ಆರುತ್ತದೆ, ಎರಡೂ ಹೆಚ್ಚು ಬಾಳುತ್ತವೆ. ಹೊಸ ಶೂವನ್ನು ಮೊದಲ ವಾರ ಮನೆಯ ನೆಲದ ಮೇಲೆ ಸಂಜೆ ಅರ್ಧ ಗಂಟೆ ಹಾಕಿ ಪಳಗಿಸಬೇಕು; ನೇರ ಎಂಟು ಗಂಟೆಯ ಶಿಫ್ಟಿಗೆ ಇಳಿಸಬಾರದು.

ಗೇಟಿನ ತನಕ ಬರಲಿ ಅಳತೆ

ಸುರಕ್ಷತೆಗೆಂದು ಮಾಲೀಕರು ಒದಗಿಸಬೇಕಾದ ಸೌಲಭ್ಯಕ್ಕೆ ಕೆಲಸಗಾರರಿಂದ ಹಣ ಪಡೆಯಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 114ನೇ ಸೆಕ್ಷನ್ ಹೇಳಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿದೆ. ಹೀಗಾಗಿ ನನ್ನ ಅಕ್ಕನ ಮಗನ ಶೂವಿಗೆ ನಾನು ಹಣ ಕೊಟ್ಟದ್ದು ಆಗಬಾರದಾಗಿದ್ದ ಕೆಲಸ. ಕೊಡಬೇಕಾದ್ದನ್ನು ಕಂಪನಿ ಕೊಟ್ಟಿತ್ತು, ಅದು ಅವನ ಕಾಲಿಗೆ ಆಗಲಿಲ್ಲ ಅಷ್ಟೇ. ಆ 'ಅಷ್ಟೇ'ಯಲ್ಲಿ ಎಲ್ಲವೂ ಇದೆ. ಖರೀದಿ ವಿಭಾಗದವರು ಇಷ್ಟು ಏಳು, ಇಷ್ಟು ಎಂಟು, ಇಷ್ಟು ಒಂಬತ್ತು ಎಂದು ಬರೆದು ಅಗ್ಗದ ಟೆಂಡರಿಗೆ ಆರ್ಡರ್ ಕೊಡುತ್ತಾರೆ. ಕಾಲುಗಳು ಆಮೇಲೆ ಅದಕ್ಕೆ ಹೊಂದಿಕೊಳ್ಳಬೇಕು.

ಇದಕ್ಕೆ ಮದ್ದಿದೆ. ಅಮೆರಿಕದ ಮಿನೆಸೋಟದಲ್ಲಿ 1905ರಲ್ಲಿ ಶುರುವಾದ ರೆಡ್ ವಿಂಗ್ ಎಂಬ ಬೂಟು ಕಂಪನಿ, ಅಂಗಡಿಯನ್ನೇ ಲಾರಿಯಲ್ಲಿ ಹೊತ್ತು ಕಾರ್ಖಾನೆಗಳ ಬಾಗಿಲಿಗೆ ಹೋಗುತ್ತದೆ. ಕೆಲಸಗಾರರು ಲಾರಿ ಹತ್ತಿ, ಅಳತೆ ಕೊಟ್ಟು, ಹಾಕಿ ನಡೆದು ನೋಡಿ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಲಾರಿ ಬೇಕೆಂದೇನಿಲ್ಲ. ವರ್ಷಕ್ಕೊಂದು ದಿನ, ಸಂಜೆಯ ಹೊತ್ತು, ಕ್ಯಾಂಟೀನಿನ ಮೂಲೆಯಲ್ಲಿ ಕಂದು ಕಾಗದ ಹಾಸಿಕೊಂಡು ಇಂಥ ಯಜಮಾನರೊಬ್ಬರು ಕೂತರೆ ಸಾಕು. ಎರಡು ಮೂರು ಅಚ್ಚಿನ ಮಾದರಿಗಳು, ಅಗಲದವು, ಹೆಣ್ಣುಮಕ್ಕಳ ಅಚ್ಚಿನವು, ಮೂರು ನಾಲ್ಕು ನಂಬರಿನವೂ ಜೊತೆಗಿರಲಿ. ಆರ್ಡರ್ ಆ ಅಳತೆಯಿಂದ ಹೊರಡಲಿ. ಇದಕ್ಕೆ ಆಗುವ ಖರ್ಚು ಒಬ್ಬ ಕೆಲಸಗಾರ ಎಣ್ಣೆಯಲ್ಲಿ ಜಾರಿ ಬಿದ್ದ ಒಂದು ದಿನದ ಖರ್ಚಿಗಿಂತ ದೊಡ್ಡದಲ್ಲ.

200 ಜೂಲಿನ ಪರೀಕ್ಷೆಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಪರೀಕ್ಷೆ ಕಾಲಲ್ಲಿರುವ ಶೂವಿಗೆ ಮಾತ್ರ ಸಲ್ಲುತ್ತದೆ. ಕಾಲಿಗೆ ಕೂರದ ಶೂ ಕಾಲಲ್ಲಿ ಉಳಿಯುವುದಿಲ್ಲ.

ಅಂಗಡಿಯಿಂದ ಹೊರಡುವಾಗ ಯಜಮಾನರು ಆ ಕಂದು ಕಾಗದವನ್ನು ಸುರುಳಿ ಸುತ್ತಿ ಹುಡುಗನ ಕೈಗಿತ್ತರು. "ಇಟ್ಕೋ. ಮುಂದಿನ ಸಲ ತಾ. ಕಾಲು ಬದಲಾಗಿದ್ರೆ ಗೊತ್ತಾಗುತ್ತೆ."

ಮನೆಗೆ ಬಂದು ಅವನು ತಾತನಿಗೆ ಶೂ ತೋರಿಸಿದ. ಅಪ್ಪ ಅದನ್ನು ಬಾಗಿಸಿ ನೋಡಿದರು, ಒಳಗೆ ಕೈಯಾಡಿಸಿದರು, ತಲೆಯಾಡಿಸಿದರು. ಆಮೇಲೆ ಕಾಗದದ ಸುರುಳಿ ಬಿಚ್ಚಿ ಜಗುಲಿಯ ನೆಲಕ್ಕೆ ಹಾಸಲು ಹೇಳಿದರು. ಗೋಡೆ ಹಿಡಿದು ಎದ್ದು, ಮೊಮ್ಮಗನ ಪಾದದ ಗೆರೆಯೊಳಗೆ ತಮ್ಮ ಬಲಪಾದ ಇಟ್ಟರು. ಹಿಮ್ಮಡಿ ಸರಿಯಾಗಿ ಕೂತಿತು. ಉದ್ದವೂ ಹೆಚ್ಚುಕಡಿಮೆ ಅದೇ. ಪಾದದ ಹೊರ ಅಂಚಿನಲ್ಲಿ, ಕಿರುಬೆರಳು ಇರಬೇಕಾದ ಕಡೆ, ಪೆನ್ಸಿಲ್ ಗೆರೆಗೂ ಅವರ ಕಾಲಿಗೂ ನಡುವೆ ಒಂದು ಬೆರಳಿನಷ್ಟು ಕಾಗದ ಖಾಲಿ ಉಳಿಯಿತು.

"ನಂದೂ ಇಷ್ಟೇ ಅಗಲ ಇತ್ತು" ಅಂದರು ಅಪ್ಪ. "ಆಗ ಯಾರೂ ಗೆರೆ ಎಳೀಲಿಲ್ಲ."